ಅಲೋಯಿಸ್ ಆಲ್ಝೈಮರ್

ಅರವತ್ತಕ್ಕೆ ಅರಳುಮರಳು ಎಂಬ ಮಾತು ರೂಢಿಯಲ್ಲಿದೆ. ಮುಪ್ಪಿನೊಡನೆ ಮರೆವೂ ಬರುವುದು ಸಹಜವೆಂದು ಜನರು ಬಹುಕಾಲ ಭಾವಿಸಿದ್ದರು. ಆದರೆ ಅರವತ್ತು ತುಂಬುವ ಮೊದಲೇ ಬುದ್ಧಿಯನ್ನು ಕವಿಯುವ ಮರೆವಿಗೆ ಏನು ಕಾರಣ? ಅದನ್ನು ಮಿದುಳಿನಲ್ಲಿಯೇ ಹುಡುಕಿದವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್.

ಅವರು 1864ರ ಜೂನ್ 14ರಂದು ಬವೇರಿಯದ ಮಾರ್ಕ್ಟ್‌ಬ್ರೈಟ್ ಎಂಬ ಪುಟ್ಟ ಊರಿನಲ್ಲಿ ಜನಿಸಿದರು. 1887ರಲ್ಲಿ ವೈದ್ಯಪದವಿಗಾಗಿ ಅವರು ಬರೆದ ಪ್ರಬಂಧದ ವಿಷಯ, ಕಿವಿಯಲ್ಲಿ ಗುಗ್ಗೆಯನ್ನು ಸ್ರವಿಸುವ ಗ್ರಂಥಿಗಳು! ಮರುವರ್ಷ ಫ್ರಾಂಕ್‌ಫರ್ಟಿನ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಅವರ ಸಹೋದ್ಯೋಗಿಯಾಗಿ ಬಂದ ಫ್ರಾಂಟ್ಸ್ ನಿಸ್ಲ್, ನರಕೋಶಗಳಿಗೆ ಬಣ್ಣವೇರಿಸಿ ಅವು ಸ್ಪಷ್ಟವಾಗಿ ಕಾಣುವಂತೆ ಮಾಡುವ ವಿಧಾನವನ್ನು ರೂಪಿಸಿದ್ದರು. ಇಬ್ಬರೂ ಆಪ್ತಮಿತ್ರರಾದರು. ಸೂಕ್ಷ್ಮದರ್ಶಕವೇ ಅವರ ನಿತ್ಯಸಂಗಾತಿಯಾಯಿತು.

1901ರಲ್ಲಿ ಆಲ್ಝೈಮರರ ಪತ್ನಿ ಸೆಸೀಲಿ ತೀರಿಕೊಂಡರು. ಮನೆಯಲ್ಲಿ ಮೂವರು ಎಳೆಯ ಮಕ್ಕಳು. ಅದೇ ವರ್ಷದ ನವೆಂಬರಿನಲ್ಲಿ ಆಗುಸ್ಟೆ ಎಂಬ 51 ವರ್ಷದ ಗೃಹಿಣಿಯನ್ನು ಆಸ್ಪತ್ರೆಗೆ ಕರೆತಂದರು. ಗಂಡನ ಹೆಸರನ್ನು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುವಳು. ಹೂಕೋಸನ್ನು ತಿನ್ನುತ್ತ ಅದನ್ನು ಸೊಪ್ಪೆನ್ನುವಳು. ಹೆಸರು ಬರೆಯಹೇಳಿದರೆ, ಏನು ಬರೆಯಬೇಕೆಂಬುದೇ ನಡುವೆ ಮರೆತುಹೋಗುವುದು. ಇಂಥ ವಿವರಗಳನ್ನೆಲ್ಲ ಆಲ್ಝೈಮರರು ತಾಳ್ಮೆಯಿಂದ ಬರೆದಿಟ್ಟರು. ಗುಣಪಡಿಸುವ ಔಷಧಿ ಅವರಲ್ಲಿರಲಿಲ್ಲ.

1903ರಲ್ಲಿ ಅವರು ಎಮಿಲ್ ಕ್ರೆಪೆಲಿನ್ನರೊಡನೆ ಮ್ಯೂನಿಕ್ಕಿಗೆ ತೆರಳಿ, ಅಲ್ಲಿ ಬಹುಕಾಲ ಸಂಬಳವಿಲ್ಲದೆಯೇ ಸಂಶೋಧನೆ ನಡೆಸಿದರು. ಆದರೂ ಆಗುಸ್ಟೆಯನ್ನು ಮರೆಯಲಿಲ್ಲ. 1906ರ ಏಪ್ರಿಲಿನಲ್ಲಿ ಆಕೆ ಮೃತಳಾದಾಗ, ಆಕೆಯ ಕಡತವನ್ನೂ ಮಿದುಳನ್ನೂ ತರಿಸಿಕೊಂಡರು. ಮಿದುಳಿನ ಹೊರಪದರ ಸವೆದಿತ್ತು. ತೆಳುವಾಗಿ ಕೊಯ್ದ ಬಿಲ್ಲೆಗಳಿಗೆ ಬೆಳ್ಳಿಯ ಲವಣದಿಂದ ಬಣ್ಣವೇರಿಸಿ ನೋಡಿದಾಗ ನರಕೋಶಗಳೊಳಗೆ ದಾರದ ಸಿಕ್ಕಿನಂಥ ಎಳೆಗಳೂ, ಕೋಶಗಳ ನಡುವೆ ಯಾವುದೋ ವಸ್ತುವಿನ ಗಡ್ಡೆಗಳೂ ಕಂಡುಬಂದವು.

ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ನಿನಲ್ಲಿ ಸೇರಿದ್ದ ವೈದ್ಯರ ಸಭೆಯಲ್ಲಿ ಅವರು ಇದನ್ನು ಮಂಡಿಸಿದರು. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೆಪೆಲಿನ್ನರು ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರನ್ನೇ ಇಟ್ಟರು.

1912ರಲ್ಲಿ ಅವರು ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲಾವಿನಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಅಲ್ಲಿಯ ಆಸ್ಪತ್ರೆಯಲ್ಲಿ ಕ್ರಾಯ್ಟ್ಸ್‌ಫೆಲ್ಡ್ ಎಂಬ ತರುಣ ವೈದ್ಯರು ವಿಚಿತ್ರ ಮಿದುಳುರೋಗವೊಂದನ್ನು ಗಮನಿಸಿದರು. ಮ್ಯೂನಿಕ್ಕಿನಲ್ಲಿ ಆಲ್ಝೈಮರರ ಬಳಿ ಕಲಿತಿದ್ದ ಯಾಕೋಬ್ ಎಂಬುವರೂ ಮುಂದೆ ಅಂಥದೇ ರೋಗವನ್ನು ವರ್ಣಿಸಿದರು. ಆ ರೋಗಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು. ಮಡಿಕೆ ತಪ್ಪಿದ ಪ್ರೋಟೀನು, ತನ್ನ ನೆರೆಯ ಒಳ್ಳೆಯ ಪ್ರೋಟೀನನ್ನೂ ಕೆಡಿಸುತ್ತ ಹೋಗುವುದರಿಂದ ಆ ರೋಗ ಬರುತ್ತದೆ. ಅಂಥ ಪ್ರೋಟೀನಿಗೆ 1982ರಲ್ಲಿ ಪ್ರಿಯಾನ್ ಎಂಬ ಹೆಸರಾಯಿತು. ಆಗುಸ್ಟೆಯ ಮಿದುಳಿನಲ್ಲಿ ಕಂಡ ಗಡ್ಡೆಗಳೂ ಸಿಕ್ಕುಗಳೂ ಮಡಿಕೆ ತಪ್ಪಿದ ಬೇರೆ ಎರಡು ಪ್ರೋಟೀನುಗಳವೆಂದು 1980ರ ದಶಕದಿಂದೀಚೆಗೆ ತಿಳಿದುಬಂದಿದೆ.

ಆಲ್ಝೈಮರರು ಇದನ್ನು ಕಾಣಲಿಲ್ಲ. ಹೃದ್ರೋಗದಿಂದ ಬಳಲಿ, 1915ರ ಡಿಸೆಂಬರ್ 19ರಂದು ನಿಧನರಾದರು. ಆಗ ಅವರಿಗೂ 51 ವರ್ಷ. 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಗುಸ್ಟೆಯ ಕಡತವು ದೊರೆಯಿತು. ಕೆಲಕಾಲದ ಮೇಲೆ ಮ್ಯೂನಿಕ್ಕಿನಲ್ಲಿ ಆಕೆಯ ಮಿದುಳಿನ ಬಿಲ್ಲೆಗಳನ್ನು ಅಂಟಿಸಿದ್ದ ಗಾಜುಗಳೂ ಸಿಕ್ಕಿದವು. ಸಂಶೋಧಕರು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ, ಅವರು ವರ್ಣಿಸಿದ್ದ ಸಿಕ್ಕುಗಳೂ ಗಡ್ಡೆಗಳೂ ಹಾಗೆಯೇ ಇದ್ದವು.