ಹಗಲು ಕರಿಕೋಟು, ರಾತ್ರಿ ಬಣ್ಣ: ಬಳ್ಳಾರಿಯ ಸರ್ಕಾರಿ ವಕೀಲ ರಾಘವರು

ಹರಿಹರ ಬಸ್ ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸು ಹತ್ತಿ ಕೂತರೆ ಕಂಡಕ್ಟರ್ ಟಿಕೆಟ್ ಕೊಟ್ಟು ಮುಗಿಸುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ಇವತ್ತು ಈ ದಾರಿಯಲ್ಲಿ ಯಾರೂ ಯಾರನ್ನೂ ತಡೆದು ಕೇಳುವುದಿಲ್ಲ. ಆದರೆ 1953ಕ್ಕೆ ಮುಂಚೆ ಇದೇ ದಾರಿಯಲ್ಲಿ ಹೋದವರು ಒಂದು ಸರ್ಕಾರ ಬಿಟ್ಟು ಇನ್ನೊಂದು ಸರ್ಕಾರದ ನೆಲಕ್ಕೆ ಕಾಲಿಡುತ್ತಿದ್ದರು. ಇತ್ತ ಹರಿಹರ, ದಾವಣಗೆರೆ ಎರಡೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಅತ್ತ ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹರಪನಹಳ್ಳಿ ಕಡೆ ಕೊಲೆ, ದರೋಡೆ ಏನಾದರೂ ಆಯಿತೆಂದರೆ ಕೇಸು ಬಳ್ಳಾರಿಯ ಸೆಷನ್ಸ್ ಕೋರ್ಟಿಗೇ ಹೋಗಬೇಕು.

ಆ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ಎದ್ದು ನಿಲ್ಲುತ್ತಿದ್ದ ಪಬ್ಲಿಕ್ ಪ್ರಾಸಿಕ್ಯೂಟರ್ ಒಬ್ಬರಿದ್ದರು. ಹಗಲು ಕರಿಕೋಟು. ರಾತ್ರಿ ನೋಡಿದರೆ ಹಿರಣ್ಯಕಶಿಪು, ದುರ್ಯೋಧನ, ಹರಿಶ್ಚಂದ್ರ! ಅವರೇ ತಾಡಿಪತ್ರಿ ರಾಘವಾಚಾರ್ಯರು. ಜನ ಕರೆದಿದ್ದು ಮಾತ್ರ ಬಳ್ಳಾರಿ ರಾಘವ ಅಂತ. ಹುಟ್ಟಿದ ಊರಿನ ಹೆಸರು ಹಿಂದೆ ಸರಿದು, ವಕೀಲಿ ಮಾಡಿದ ಊರೇ ಹೆಸರಿಗೆ ಅಂಟಿಕೊಂಡಿತು.

ಹುಟ್ಟಿದ್ದು 1880ರ ಆಗಸ್ಟ್ 2ರಂದು ತಾಡಿಪತ್ರಿಯಲ್ಲಿ. ಆಗ ಅದೂ ಬಳ್ಳಾರಿ ಜಿಲ್ಲೆಯೇ. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ. ತಂದೆ ನರಸಿಂಹಾಚಾರ್ಯರು ಮೇಷ್ಟರು. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ಹೆಸರು ಮಾಡಿದ ವಕೀಲರು. ಅಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯ ಇರಲಿಲ್ಲ. ಆ ಮಾವನೇ ತೆಲುಗು ನಾಟಕದ ಪಿತಾಮಹ ಅನ್ನಿಸಿಕೊಂಡವರು. ಸರಸ ವಿನೋದಿನಿ ಸಭಾ ಅಂತ ಒಂದು ನಾಟಕ ಸಂಘ ಕಟ್ಟಿ, ತಾವೇ ನಾಟಕ ಬರೆದು, ತಾವೇ ಆಡಿಸಿದವರು.

ಊರಲ್ಲಿ ಇನ್ನೊಬ್ಬ ವಕೀಲರೂ ಇದ್ದರು, ಕೋಲಾಚಲಂ ಶ್ರೀನಿವಾಸರಾಯರು. ಅವರದ್ದು ಸುಮನೋರಮಾ ಸಭಾ. ಅವರೂ ನಾಟಕಕಾರರೇ. ಹಗಲು ಒಂದೇ ಕೋರ್ಟಿನಲ್ಲಿ ಓಡಾಡುವ ಇಬ್ಬರು ವಕೀಲರು, ಸಂಜೆಯಾದರೆ ಎರಡು ಸಂಘ, ಎರಡು ಪಂಗಡ. ಅಂಥ ಊರಲ್ಲಿ ಬೆಳೆದ ಹುಡುಗನಿಗೆ ಕೋರ್ಟು ಯಾವುದು, ರಂಗ ಯಾವುದು ಅನ್ನುವ ಭೇದವೇ ಗೊತ್ತಾಗದಿದ್ದರೆ ಅಚ್ಚರಿ ಏನು? ಮುಂದೆ ಈ ಸೋದರಳಿಯ ಮಾವನ ಎದುರು ಪಂಗಡದ ಕೋಲಾಚಲಂ ಅವರು ಬರೆದ ರಾಮರಾಜು ನಾಟಕದಲ್ಲಿ ಪಠಾಣ ರುಸ್ತುಮನಾಗಿ ನಿಂತು ಹೆಸರು ಗಳಿಸಿದರು. ಪಾತ್ರ ಚೆನ್ನಾಗಿದ್ದರೆ ಪಂಗಡ ನೋಡದ ಮನುಷ್ಯ ಎನ್ನಲು ಇದೊಂದೇ ಸಾಕು.

ರಾಘವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1905ರಲ್ಲಿ ಅಲ್ಲಿಯೇ ಲಾ ಮುಗಿಸಿ ಬಳ್ಳಾರಿಗೆ ವಾಪಸಾದರು. ಹಿಡಿದದ್ದು ಕ್ರಿಮಿನಲ್ ಪಕ್ಷ. ಬೇಗನೆ ಕೈ ಕುದುರಿತು, ದುಡ್ಡೂ ಬಂತು. ಆಮೇಲೆ ಸರ್ಕಾರವೇ ಕರೆದು ಪಬ್ಲಿಕ್ ಪ್ರಾಸಿಕ್ಯೂಟರ್ ಕೆಲಸ ಕೊಟ್ಟಿತು.

ಆ ಕಾಲದ ಸೆಷನ್ಸ್ ಕೋರ್ಟು ಈಗಿನ ಹಾಗಲ್ಲ ನೋಡ್ರಿ. ಜಡ್ಜರು ಒಬ್ಬರೇ ಕೂತು ಕೇಳುತ್ತಿರಲಿಲ್ಲ. ಕೆಲವು ಕೇಸಿಗೆ ಜ್ಯೂರಿ, ಕೆಲವಕ್ಕೆ ಅಸೆಸರುಗಳು ಅಂತ ಊರ ಗೃಹಸ್ಥರನ್ನು ಕರೆದು ಕೂರಿಸುತ್ತಿದ್ದರು. ಅಸೆಸರುಗಳು ತಮ್ಮ ಅಭಿಪ್ರಾಯ ಹೇಳಬೇಕು. ಜಡ್ಜರು ಅದನ್ನು ಒಪ್ಪಲೇಬೇಕೆಂದಿಲ್ಲ. ಈ ಅಸೆಸರು ಪದ್ಧತಿ 1955ರಲ್ಲಿ ಹೋಯಿತು. ಅದು ಇದ್ದ ದಿನಗಳಲ್ಲಿ ವಕೀಲನಾದವನು ಕಾನೂನು ಪುಸ್ತಕ ಓದಿದ ಜಡ್ಜರಿಗೆ ಹೇಳಿದರೆ ಸಾಲದು. ಅಂಗಡಿ, ಹೊಲ, ಮನೆ ಬಿಟ್ಟು ಬಂದು ಕೂತ ನಾಲ್ಕು ಜನರ ಮನಸ್ಸಿಗೂ ನಾಟುವಂತೆ ಹೇಳಬೇಕು. ದನಿ ಸ್ವಲ್ಪ ಹೆಚ್ಚಾದರೆ ಬಡಾಯಿ, ಕಮ್ಮಿಯಾದರೆ ಯಾರಿಗೂ ಕೇಳುವುದಿಲ್ಲ.

ರಾಘವರ ನಟನೆಯ ಗುಟ್ಟು ಇಲ್ಲಿಯೇ ಇದೆ ಅಂತ ನನಗನ್ನಿಸುತ್ತದೆ. ಅವರ ಕಾಲದ ರಂಗದಲ್ಲಿ ಕಂದಪದ್ಯ, ರಾಗ, ಆಲಾಪನೆ, ಒನ್ಸ್ ಮೋರ್ ಇವೇ ಪ್ರಧಾನ. ಸತ್ತು ಬಿದ್ದ ಪಾತ್ರ ಕೂಡ ಚಪ್ಪಾಳೆ ಬಿದ್ದರೆ ಎದ್ದು ಮತ್ತೆ ಹಾಡಬೇಕು! ರಾಘವರು ಹಾಡು ಹಿಂದಕ್ಕಿಟ್ಟು ಮಾತು ಮುಂದಕ್ಕೆ ತಂದರು. ಮನುಷ್ಯ ಸಿಟ್ಟು ಬಂದಾಗ ಹೇಗೆ ನಿಲ್ಲುತ್ತಾನೆ, ಸುಳ್ಳು ಹೇಳುವಾಗ ಕಣ್ಣು ಎಲ್ಲಿ ಹೋಗುತ್ತದೆ, ಮಗನನ್ನು ಕಳೆದುಕೊಂಡವನು ಹೇಗೆ ಮೌನವಾಗುತ್ತಾನೆ, ಇದನ್ನು ರಂಗಕ್ಕೆ ತಂದರು. ಕಟಕಟೆಯಲ್ಲಿ ನಿಂತವರ ಮುಖಗಳನ್ನು ದಿನಾ ಹತ್ತಿರದಿಂದ ನೋಡುವ ವಕೀಲನಿಗೆ ಇದಕ್ಕಿಂತ ದೊಡ್ಡ ಶಾಲೆ ಯಾವುದಿದೆ? ಶೇಕ್ಸ್‌ಪಿಯರನ ಒಥೆಲ್ಲೊ, ಶೈಲಾಕ್ ಪಾತ್ರಗಳನ್ನು ಇಂಗ್ಲಿಷಿನಲ್ಲೇ ಮಾಡಿದರು. ತೆಲುಗು, ಕನ್ನಡ ಎರಡೂ ರಂಗ ಅವರಿಗೆ ಒಗ್ಗಿದ್ದವು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ದಾವಣಗೆರೆಯವರಿಗೆ ಕಂಪನಿ ನಾಟಕದ ಸಂಕಟ ಹೊಸದಾಗಿ ಹೇಳಬೇಕಾಗಿಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರದ್ದು. ಟೆಂಟು ಹಾಕಿದ ರಾತ್ರಿ ಮಳೆ ಬಂದರೆ ಮಾಲೀಕನ ಎದೆ ಹೊಡೆದುಕೊಳ್ಳುತ್ತದೆ. ಗಲ್ಲಾಪೆಟ್ಟಿಗೆ ತುಂಬಬೇಕು, ಎಪ್ಪತ್ತೆಂಬತ್ತು ಹೊಟ್ಟೆಗೆ ಅನ್ನ ಬೇಕು, ಲಾರಿ ಬಾಡಿಗೆ ಕೊಡಬೇಕು. ಜನ ಕೇಳಿದ ಹಾಡು ಹಾಡಲೇಬೇಕು. ಅದರಲ್ಲಿ ಅವಮಾನ ಏನೂ ಇಲ್ಲ, ಅದು ಹೊಟ್ಟೆಪಾಡು.

ರಾಘವರಿಗೆ ಆ ಚಿಂತೆ ಇರಲಿಲ್ಲ. ವಕೀಲಿ ಫೀಜು ಮನೆ ನಡೆಸುತ್ತಿತ್ತು. ನಾಟಕದಿಂದ ಸಂಪಾದಿಸಬೇಕಾಗಿರಲಿಲ್ಲ, ಬದಲಿಗೆ ನಾಟಕ ಆಡಿ ಧರ್ಮಕಾರ್ಯಗಳಿಗೆ ಹಣ ಎತ್ತಿ ಕೊಟ್ಟರು. ಆದ್ದರಿಂದಲೇ ಜನ ಒನ್ಸ್ ಮೋರ್ ಕೂಗಿದರೆ ಕೇಳದವರಂತೆ ಮುಂದೆ ಹೋಗುವ ಧೈರ್ಯ ಅವರಿಗಿತ್ತು. ಕರಿಕೋಟಿನ ಜೇಬು ಬಣ್ಣದ ಪೆಟ್ಟಿಗೆಯನ್ನು ಸಾಕಿತು ಎನ್ನಬಹುದು.

ಆ ಧೈರ್ಯದ ದೊಡ್ಡ ಫಲ ಹೆಣ್ಣುಮಕ್ಕಳ ವಿಚಾರದಲ್ಲಿ ಕಂಡಿತು. ಗಂಡಸರು ಸೀರೆ ಉಟ್ಟು ತಾರಾಮತಿಯಾಗಿ ಅಳುತ್ತಿದ್ದ ಕಾಲ. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕೆಂದು ರಾಘವರು ಪಟ್ಟು ಹಿಡಿದರು. ಕೊಮ್ಮೂರಿ ಪದ್ಮಾವತಿ ದೇವಿಯವರಂಥ ಮನೆತನಸ್ಥ ಹೆಣ್ಣುಮಕ್ಕಳು ಅವರ ಜೊತೆ ರಂಗಕ್ಕೆ ಬಂದರು. ನಾಲಿಗೆ ಚಾಚುವವರು ಆಗಲೂ ಕಮ್ಮಿ ಇರಲಿಲ್ಲ. ಆದರೆ ಜೊತೆಗಿದ್ದವರು ಜಿಲ್ಲೆಯ ಸರ್ಕಾರಿ ವಕೀಲರು. ಹಾಗೆ ಸುಲಭಕ್ಕೆ ಎದುರು ಬಿದ್ದು ಮಾತಾಡುವಂತಿಲ್ಲ. ನಮ್ಮ ಚಿಂದೋಡಿ ಲೀಲಾ ಅವರು ಮುಂದೆ ಪದ್ಮಶ್ರೀವರೆಗೆ ಹೋದರಲ್ಲ, ಅಂಥ ಹಾದಿಯ ಮುಳ್ಳನ್ನು ಮೊದಮೊದಲು ತೆಗೆದವರ ಸಾಲಿನಲ್ಲಿ ಈ ವಕೀಲರೂ ಇದ್ದರು ಎನ್ನುವುದನ್ನು ಮರೆಯಬಾರದು.

ಹಾಗಂತ ಎಲ್ಲವೂ ಹೂವಿನ ಹಾಸಿಗೆಯಲ್ಲ. ಕರಿಕೋಟು ಕೊಟ್ಟ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಆ ಕೋಟು ಯಾರ ಪರ ನಿಂತಿತ್ತು? ಬ್ರಿಟಿಷ್ ಸರ್ಕಾರದ ಪರ. ಅದೇ ಸರ್ಕಾರದ ಕೈಯಲ್ಲಿ 1876ರ ನಾಟಕ ಪ್ರದರ್ಶನ ಕಾಯಿದೆ ಇತ್ತು. ರಾಜದ್ರೋಹದ ವಾಸನೆ ಬಂದರೆ ಯಾವ ನಾಟಕವನ್ನಾದರೂ ನಿಲ್ಲಿಸಬಹುದು. ನಿಷೇಧ ಮೀರಿ ಆಡಿದವರಿಗೆ ಮೂರು ತಿಂಗಳವರೆಗೆ ಜೈಲು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆದಮೇಲೂ ಆ ಕಾಯಿದೆ ಪುಸ್ತಕದಲ್ಲಿ ಉಳಿದಿತ್ತು, 2018ರಲ್ಲಿ ರದ್ದಾಯಿತು. ಅಂಥ ಸರ್ಕಾರದ ವಕೀಲನೇ ನಟ! 1933ರಲ್ಲಿ ರಾವ್ ಬಹದ್ದೂರ್ ಬಿರುದೂ ಬಂತು. ಊರೂರಲ್ಲಿ ಸತ್ಯಾಗ್ರಹಿಗಳು ಜೈಲಿಗೆ ಹೋಗುತ್ತಿದ್ದ ದಿನಗಳವು.

ಹಾಗಾದರೆ ರಾಘವರು ಯಾರ ಕಡೆ? ಅವರ ಬಾಳನ್ನು ನೋಡಿದರೆ ಒಂದೇ ಉತ್ತರ ಸಿಗುವುದಿಲ್ಲ. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ನಂದಿಬೆಟ್ಟ, ಬೆಂಗಳೂರಿನ ಕಡೆ ತಂಗಿದ್ದಾಗ ಅವರ ಮುಂದೆ ದೀನಬಂಧು ಕಬೀರ ನಾಟಕವನ್ನು ಹಿಂದಿಯಲ್ಲಿ ಆಡಿ ತೋರಿಸಿದವರೂ ಇದೇ ಸರ್ಕಾರಿ ವಕೀಲರು. ಹಿಂದೂ ಮುಸ್ಲಿಂ ಒಂದೇ ಅನ್ನುವ ಕಬೀರನ ಪಾತ್ರ. ಆ ದಶಕದ ಕೊನೆಗೆ ಇಂಗ್ಲೆಂಡಿಗೂ ಹೋಗಿ ಅಲ್ಲಿನ ರಂಗವನ್ನು ಕಣ್ಣಾರೆ ನೋಡಿ, ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು.

ಆಮೇಲೆ ಟಾಕಿ ಸಿನಿಮಾ ಬಂತು. 1936ರಲ್ಲಿ ದ್ರೌಪದಿ ಮಾನಸಂರಕ್ಷಣಂ ಚಿತ್ರದಲ್ಲಿ ರಾಘವರು ನಟಿಸಿದರು. ಅದೇ ವರ್ಷ ಅದೇ ಕಥೆ ಇಟ್ಟುಕೊಂಡು ಎದುರಾಳಿಗಳು ದ್ರೌಪದಿ ವಸ್ತ್ರಾಪಹರಣಂ ಅಂತ ಇನ್ನೊಂದು ಚಿತ್ರ ತೆಗೆದರು. ಜನ ಆ ಕಡೆ ಹೋದರು. ಕೋರ್ಟಿನಲ್ಲಿ ಗೆಲ್ಲುವವರಿಗೆ ಗಲ್ಲಾಪೆಟ್ಟಿಗೆ ಎದುರು ಸೋಲಾಯಿತು.

ಆದರೆ 1939ರ ರೈತುಬಿಡ್ಡ ಬೇರೆಯೇ ಕತೆ. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನ. ಜಮೀನ್ದಾರರ ದಬ್ಬಾಳಿಕೆಗೆ ಎದುರು ನಿಂತ ರೈತರ ಕತೆ. ಅದರಲ್ಲಿ ರೈತನ ಪಾತ್ರ ರಾಘವರದ್ದು. ಕೆಲವು ದೊಡ್ಡ ಜಮೀನ್ದಾರರು ಕೆರಳಿದರು, ಕೆಲವು ಕಡೆ ಚಿತ್ರ ತೋರಿಸದಂತೆ ನಿಷೇಧವೂ ಬಿತ್ತು. ರಾವ್ ಬಹದ್ದೂರ್ ಬಿರುದು ಹೊತ್ತವರು ತಲೆಗೆ ಟವೆಲ್ ಸುತ್ತುವ ರೈತನಾಗಿ ನಿಂತದ್ದು ಆಳುವವರಿಗೆ ಹಿತವಾಗಿರಲಾರದು. ಕೋರ್ಟಿನಲ್ಲಿ ಸರ್ಕಾರದ ಬಾಯಿಯಾದವರು ತೆರೆಯ ಮೇಲೆ ರೈತನ ಬಾಯಿಯಾದರು. ಕೊನೆಯ ಚಿತ್ರ 1940ರ ಚಂಡಿಕ.

1946ರ ಏಪ್ರಿಲ್ 16ರಂದು ರಾಘವರು ತೀರಿಕೊಂಡರು. ಸ್ವಾತಂತ್ರ್ಯ ನೋಡಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದ್ದನ್ನೂ ನೋಡಲಿಲ್ಲ. ಗಡಿ ಬದಲಾದ ಮೇಲೆ ಒಂದು ಎಡವಟ್ಟಾಯಿತು. ತೆಲುಗರು ಅವರನ್ನು ತಮ್ಮವರೆಂದು ತಲೆ ಮೇಲೆ ಹೊತ್ತರು. ನಮ್ಮ ಕಡೆಯವರು ತೆಲುಗು ನಟ ಅಂತ ಸುಮ್ಮನಾದರು. ಬಳ್ಳಾರಿಯಲ್ಲಿ ಅವರ ಹೆಸರಿನ ರಾಘವ ಕಲಾಮಂದಿರ ಇದೆ, 1981ರಲ್ಲಿ ಅಂಚೆ ಚೀಟಿಯೂ ಬಂತು. ಆದರೆ ನಮ್ಮ ಊರಿನ ಎಷ್ಟು ಜನರಿಗೆ ಅವರ ಹೆಸರು ಗೊತ್ತು?

ಗಡಿಯ ಮಾತು ಇಷ್ಟೇ: ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಂತೆಲ್ಲ ಮನುಷ್ಯರನ್ನು ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನಮ್ಮವರು ಅಂತ ಉಳಿಯುವವರು ಯಾರು?

ನಮ್ಮೂರ ಕೋರ್ಟಿನ ಆವರಣದಲ್ಲಿ ದಿನಾ ನೂರಾರು ಕರಿಕೋಟುಗಳು ಓಡಾಡುತ್ತವೆ. ಆರ್.ಎಲ್. ಲಾ ಕಾಲೇಜಿನಿಂದ ವರ್ಷ ವರ್ಷ ಹೊಸಬರು ಬರುತ್ತಾರೆ. ಎಲ್ಲರೂ ಬಣ್ಣ ಹಚ್ಚಬೇಕು ಅಂತ ಯಾರೂ ಕೇಳುವುದಿಲ್ಲ. ಆದರೆ ಟೆಂಟಿನಲ್ಲಿ ನಾಟಕ ಆಡಿ ಮುದುಕರಾದ ಕಲಾವಿದರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಅವರಿಗೆ ವಕೀಲಿ ಫೀಜಿನ ಆಸರೆ ಇರಲಿಲ್ಲ. ಗಲ್ಲಾಪೆಟ್ಟಿಗೆ ಒಂದೇ ಇತ್ತು, ಅದೂ ಬರಿದಾಯಿತು. ತಮ್ಮ ಸಂಪಾದನೆಯಲ್ಲಿ ರಂಗಕ್ಕೂ ಒಂದು ಪಾಲಿದೆ ಅಂತ ತಿಳಿದಿದ್ದ ಬಳ್ಳಾರಿಯ ಆ ಮೂವರು ವಕೀಲರ ಮಾತು ಈಗ ಎತ್ತಿದ್ದು ಅದಕ್ಕೇ.