ವಿಜ್ಞಾನಾಚಾರ್ಯ ಜಗದೀಶಚಂದ್ರ ಬೋಸ್



ಇಂದು ಸಂಖದ ಸಂತೆಗೆ ಹೋಗಲಿ, ಉಮದಿಯ ಬಸ್ ನಿಲ್ದಾಣದಲ್ಲಿ ನಿಲ್ಲಲಿ, ಎಲ್ಲರ ಕೈಯಲ್ಲಿಯೂ ಮೊಬೈಲ್ ಕಾಣುತ್ತದೆ. ದಾಳಿಂಬೆ ಬೆಳೆದ ರೈತನು ಪೇಟೆಯ ಧಾರಣೆಯನ್ನು ಅದರಲ್ಲಿಯೇ ನೋಡುತ್ತಾನೆ. ಗಾಜಿನ ಮೇಲೆ ಬೆರಳಾಡಿಸಿದರೆ ಚಿತ್ರ ಸರಿಯುತ್ತದೆ. ಎರಡು ಬೆರಳುಗಳನ್ನು ಅಗಲಿಸಿದರೆ ಅಕ್ಷರ ದೊಡ್ಡದಾಗುತ್ತದೆ. ತಂತಿಯಿಲ್ಲದೆ ಸುದ್ದಿಯನ್ನು ಹೊತ್ತು ತರುವ ವಿದ್ಯುದಲೆಗಳನ್ನು ಸುಮಾರು 130 ವರ್ಷಗಳ ಹಿಂದೆಯೇ ಕಲಕತ್ತೆಯಲ್ಲಿ ಪ್ರಯೋಗಿಸಿ ತೋರಿಸಿದ ಮಹಾನುಭಾವರು ಜಗದೀಶಚಂದ್ರ ಬೋಸರು. ತಮ್ಮ ಶೋಧದಿಂದ ಹಣ ಗಳಿಸಲು ಒಪ್ಪದ ಈ ಆಚಾರ್ಯರ ಜೀವನವು ನಮಗೆಲ್ಲ ತಿಳಿದಿರಬೇಕಾದದ್ದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೋಸರು 1858ನೆಯ ಇಸವಿ ನವೆಂಬರ್ 30ರಂದು ಈಗಿನ ಬಾಂಗ್ಲಾದೇಶದಲ್ಲಿರುವ ಪೂರ್ವ ಬಂಗಾಲದಲ್ಲಿ ಜನಿಸಿದರು. ತಂದೆ ಭಗವಾನಚಂದ್ರ ಬೋಸರು ಸರಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು. ಆ ದರ್ಜೆಯವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಆಗಿನ ವಾಡಿಕೆ. ಆದರೆ ಭಗವಾನಚಂದ್ರರು ಮಗನನ್ನು ಬಂಗಾಲಿ ಶಾಲೆಗೆ ಹಾಕಿದರು. ಮೊದಲು ತಾಯ್ನುಡಿ, ಆಮೇಲೆ ಪರಭಾಷೆ ಎಂಬುದು ಅವರ ನಿಲುವಾಗಿತ್ತು. ಆ ಶಾಲೆಯಲ್ಲಿ ಬಾಲಕ ಜಗದೀಶನ ಒಂದು ಮಗ್ಗುಲಿಗೆ ತಂದೆಯ ಮುಸಲ್ಮಾನ ಸಿಪಾಯಿಯ ಮಗನು, ಇನ್ನೊಂದು ಮಗ್ಗುಲಿಗೆ ಬೆಸ್ತರ ಹುಡುಗನು ಕೂಡುತ್ತಿದ್ದರು. ಮೀನು, ಹಕ್ಕಿ, ಗಿಡಗಳ ಕಥೆಗಳನ್ನು ಈ ಗೆಳೆಯರ ಬಾಯಿಂದ ಕೇಳುತ್ತ ಅವನಿಗೆ ನಿಸರ್ಗದ ಹುಚ್ಚು ಹತ್ತಿತು. ಮರಾಠಿ ನಾಡಿನಲ್ಲಿದ್ದು ಕನ್ನಡದಲ್ಲಿ ಕಲಿಯುತ್ತಿರುವ ನಾವು ಈ ಸಂಗತಿಯನ್ನು ಮರೆಯಬಾರದು.

ಮುಂದೆ ಅವರು ಕಲಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಕಲಿತರು. ಅಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಭೌತಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿಸಿದರು. 1880ರಲ್ಲಿ ವೈದ್ಯ ವಿದ್ಯೆಗೆಂದು ಇಂಗ್ಲೆಂಡಿಗೆ ಹೋದರು. ಮೈಗೆ ಹತ್ತಿದ್ದ ಜ್ವರ ಬಿಡದ್ದರಿಂದ ಆ ಶಿಕ್ಷಣವನ್ನು ಕೈಬಿಟ್ಟು, ಕೇಂಬ್ರಿಜಿನಲ್ಲಿ ವಿಜ್ಞಾನವನ್ನು ಅಭ್ಯಾಸ ಮಾಡಿದರು.

ಸ್ವಾಭಿಮಾನದ ಪರೀಕ್ಷೆ

1885ರಲ್ಲಿ ಬೋಸರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಒಂದೇ ಕೆಲಸಕ್ಕೆ ಬಿಳಿಯರಿಗೆ ಒಂದು ಸಂಬಳ, ಭಾರತೀಯರಿಗೆ ಅದಕ್ಕಿಂತ ಕಡಿಮೆ ಸಂಬಳ ಇದ್ದ ಕಾಲವದು. ಬೋಸರು ಜಗಳಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮೂರು ವರ್ಷಗಳ ಕಾಲ ಪಾಠ ಮಾಡಿ ಸಂಬಳವನ್ನು ಮಾತ್ರ ಮುಟ್ಟದೆ ಉಳಿದರು. ಮನೆಯಲ್ಲಿ ತಂದೆಯ ಸಾಲದ ಹೊರೆ ಬೇರೆ ಇತ್ತು. ಕೊನೆಗೆ ಸರಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಡನೆ ಕೊಟ್ಟಿತು. ಆ ಹಣ ತಂದೆಯ ಸಾಲ ತೀರಿಸಲು ಉಪಯೋಗವಾಯಿತು.

ಅದೃಶ್ಯ ಅಲೆಗಳು

ಕಾಲೇಜಿನಲ್ಲಿ ಅವರಿಗೆ ಒಳ್ಳೆಯ ಪ್ರಯೋಗಶಾಲೆ ಇರಲಿಲ್ಲ. ಒಂದು ಇಕ್ಕಟ್ಟಾದ ಕೋಣೆಯಲ್ಲಿ, ಊರ ಕುಶಲಕರ್ಮಿಯ ನೆರವಿನಿಂದ ಸ್ವಂತ ಖರ್ಚಿನಲ್ಲಿ ಉಪಕರಣಗಳನ್ನು ಮಾಡಿಸಿಕೊಂಡರು. ಹರ್ಟ್ಝ್ ಎಂಬ ಜರ್ಮನ್ ವಿಜ್ಞಾನಿಯು ಕಂಡುಹಿಡಿದ ವಿದ್ಯುದಲೆಗಳು ಬಹಳ ಉದ್ದವಾಗಿದ್ದವು. ಬೋಸರು ಕೇವಲ 5 ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನು ಹುಟ್ಟಿಸಿದರು. 1895ರ ಸುಮಾರಿಗೆ ಕಲಕತ್ತೆಯ ಟೌನ್ ಹಾಲಿನಲ್ಲಿ ಆ ಅಲೆಗಳು ಗೋಡೆಯನ್ನು ದಾಟಿ ಹೋಗಿ ದೂರದ ಗಂಟೆಯನ್ನು ಬಾರಿಸಿದವು. ಮದ್ದಿನ ಪುಡಿಯನ್ನು ಸಿಡಿಸಿದವು. ಜನರು ಬೆರಗಾದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೂ ಅವರು ಉಪನ್ಯಾಸ ಕೊಟ್ಟರು. ಈಗಿನ 5ಜಿ ವ್ಯವಸ್ಥೆಯಲ್ಲಿ ಮಿಲಿಮೀಟರ್ ಅಲೆಗಳನ್ನೂ ಬಳಸಲಾಗುತ್ತಿದೆ ಎಂಬುದನ್ನು ನೆನೆದರೆ ಅವರ ದೂರದೃಷ್ಟಿಯ ಅರಿವಾಗುತ್ತದೆ.

ಶೋಧ ಯಾರ ಸೊತ್ತು?

ಹೊಸದನ್ನು ಕಂಡುಹಿಡಿದವನಿಗೆ ಕೆಲವು ವರ್ಷಗಳ ಮಟ್ಟಿಗೆ ಅದರ ಮೇಲೆ ಏಕಸ್ವಾಮ್ಯವನ್ನು ಸರಕಾರವು ಬರೆದುಕೊಡುತ್ತದೆ. ಇದಕ್ಕೆ ಪೇಟೆಂಟ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದರ ಅವಧಿ 20 ವರ್ಷ. 1901ರಲ್ಲಿ ಬೋಸರು ಲಂಡನ್ನಿನಲ್ಲಿದ್ದಾಗ ತಂತಿ ಕಂಪನಿಯ ಮಾಲೀಕರೊಬ್ಬರು ಅವರಲ್ಲಿಗೆ ಬಂದು, ಶೋಧದ ಗುಟ್ಟನ್ನು ಉಪನ್ಯಾಸದಲ್ಲಿ ಹೇಳಬಾರದೆಂದೂ ಪೇಟೆಂಟ್ ಪಡೆದು ಲಾಭ ಹಂಚಿಕೊಳ್ಳೋಣವೆಂದೂ ಆಸೆ ತೋರಿಸಿದರು. ಬೋಸರು ಒಪ್ಪಲಿಲ್ಲ. ಜ್ಞಾನವು ಮಾರಾಟದ ವಸ್ತುವಲ್ಲ ಎಂಬುದು ಅವರ ನಂಬಿಕೆ. ಆದರೂ ಹಿತೈಷಿಗಳಾದ ಸೋದರಿ ನಿವೇದಿತಾ ಮತ್ತು ಶ್ರೀಮತಿ ಸಾರಾ ಬುಲ್ ಅವರ ಒತ್ತಾಯದಿಂದ ಅಮೇರಿಕೆಯಲ್ಲಿ ಒಂದು ಅರ್ಜಿ ಹೋಯಿತು. 1904ರ ಮಾರ್ಚ್ 29ರಂದು ಅವರ ಗ್ಯಾಲಿನಾ ಹರಳಿನ ಅಲೆಶೋಧಕಕ್ಕೆ ಪೇಟೆಂಟ್ ಸಿಕ್ಕಿತು. ಬೋಸರು ಅದರಿಂದ ಲಾಭ ಪಡೆಯುವ ಗೋಜಿಗೇ ಹೋಗಲಿಲ್ಲ.

ಇತ್ತ ಮಾರ್ಕೋನಿಯು ತಂತಿಯಿಲ್ಲದ ತಂತಿ ಸಮಾಚಾರಕ್ಕೆ ಪೇಟೆಂಟುಗಳನ್ನು ಪಡೆದು ಕಂಪನಿ ಕಟ್ಟಿದನು. 1909ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಹಿಡಿಯಲು ಅವನು ಬಳಸಿದ ಪಾದರಸದ ಶೋಧಕದ ಮೂಲವು ಬೋಸರು 1899ರಲ್ಲಿ ಪ್ರಕಟಿಸಿದ ಶೋಧದಲ್ಲಿದೆಯೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಮಾರ್ಕೋನಿಯ ಒಂದು ಮುಖ್ಯ ಪೇಟೆಂಟಿನ ಹಲವು ಹಕ್ಕುಗಳನ್ನು, ಬೇರೆಯವರು ಮೊದಲೇ ಆ ಕೆಲಸ ಮಾಡಿದ್ದರೆಂಬ ಕಾರಣಕ್ಕೆ, ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು 1943ರಲ್ಲಿ ತಳ್ಳಿಹಾಕಿತು.

ಇಂಥ ವ್ಯಾಜ್ಯಗಳು ಇಂದಿಗೂ ನಿಂತಿಲ್ಲ. ಮೊಬೈಲಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ವಿದ್ಯುತ್ ಪದರವಿರುತ್ತದೆ. ನಮ್ಮ ಬೆರಳು ವಿದ್ಯುದ್ವಾಹಕವಾದ್ದರಿಂದ, ಮುಟ್ಟಿದ ಜಾಗದಲ್ಲಿ ವಿದ್ಯುತ್ತಿನ ಪ್ರಮಾಣ ಕೊಂಚ ಬದಲಾಗುತ್ತದೆ. ಒಣ ಕಡ್ಡಿಯಿಂದ ಮುಟ್ಟಿದರೆ ಅದು ಅಲುಗದು. ಆ ಬದಲಾವಣೆಯನ್ನು ಓದಿ ಏನು ಮಾಡಬೇಕೆಂದು ತಿಳಿಸುವುದು ಸಾಫ್ಟ್‌ವೇರ್. ಪಟ್ಟಿಯ ತುದಿ ಮುಟ್ಟಿದಾಗ ಪುಟವು ಪುಟಿದು ಹಿಂದೆ ಸರಿಯುವುದು, ತಟ್ಟಿದರೆ ಚಿತ್ರ ದೊಡ್ಡದಾಗುವುದು ಮುಂತಾದವು ತನ್ನ ಸೊತ್ತೆಂದು ಆ್ಯಪಲ್ ಕಂಪನಿಯು 2011ರಲ್ಲಿ ಸ್ಯಾಮ್‌ಸಂಗ್ ಮೇಲೆ ದಾವೆ ಹೂಡಿತು. 2012ರಲ್ಲಿ ಪಂಚರು ನೂರು ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ವಿಧಿಸಿದರು. ಆ ಮೊತ್ತದ ಬಗ್ಗೆ ಮತ್ತೆ ವರ್ಷಗಟ್ಟಲೆ ವಾದ ನಡೆದು, 2018ರಲ್ಲಿ ಇಬ್ಬರೂ ರಾಜಿಯಾದರು. ನಮ್ಮ ದೇಶದ ಕಾಯದೆಯಾದರೋ 2002ರ ತಿದ್ದುಪಡಿಯಿಂದ, ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲವೆಂದು ಹೇಳುತ್ತದೆ.

ದುಡಿದವನಿಗೆ ಪ್ರತಿಫಲ ಸಿಗಬೇಕಾದದ್ದು ನ್ಯಾಯವೇ. ನಿವೇದಿತಾ ಅವರ ಒತ್ತಾಯದಲ್ಲಿಯೂ ಅರ್ಥವಿತ್ತು. ಗುಲಾಮ ದೇಶದವನ ಶೋಧವನ್ನು ಪರರು ತಮ್ಮದೆಂದರೆ ಕೇಳುವವರು ಯಾರು? ಆದರೆ ಮುಂದೆ ಬರುವವರ ದಾರಿಗೆ ಬೇಲಿ ಹಾಕಬಾರದೆಂಬ ಬೋಸರ ಮಾತು ಅದಕ್ಕಿಂತ ದೊಡ್ಡದು.

ಮುಟ್ಟಿದರೆ ಮುನಿ

ಆಮೇಲೆ ಬೋಸರು ಸಸ್ಯಗಳ ಕಡೆಗೆ ತಿರುಗಿದರು. ಮುಟ್ಟಿದರೆ ಮುನಿಯ ಎಲೆಯನ್ನು ಸೋಕಿದಾಗ ಗಿಡದೊಳಗೆ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆದರು. ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ದೊಡ್ಡದಾಗಿ ತೋರಿಸುವ ಕ್ರೆಸ್ಕೊಗ್ರಾಫ್ ಯಂತ್ರವನ್ನು ರಚಿಸಿದರು. ಇಂಗ್ಲೆಂಡಿನ ಕೆಲವು ಶರೀರಶಾಸ್ತ್ರಜ್ಞರು ಅವರನ್ನು ಬಹುವಾಗಿ ವಿರೋಧಿಸಿದರು. ಬೋಸರು ಎದೆಗುಂದದೆ ಪ್ರಯೋಗಗಳಿಂದಲೇ ಉತ್ತರ ಕೊಟ್ಟರು. ವಿಜ್ಞಾನವನ್ನು ಜನರಿಗೆ ಮುಟ್ಟಿಸಲು ಬಂಗಾಲಿಯಲ್ಲಿ ಲೇಖನಗಳನ್ನು ಬರೆದರು. ಅವು ‘ಅವ್ಯಕ್ತ’ ಎಂಬ ಗ್ರಂಥವಾಗಿ 1921ರಲ್ಲಿ ಹೊರಬಂದವು.

1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಕಲಕತ್ತೆಯಲ್ಲಿ ಬೋಸ್ ವಿಜ್ಞಾನ ಮಂದಿರವನ್ನು ಸ್ಥಾಪಿಸಿದರು. ಅಲ್ಲಿಯ ಶೋಧಗಳಿಗೆ ಪೇಟೆಂಟ್ ಪಡೆಯಬಾರದು, ಅವು ಎಲ್ಲರ ಸೊತ್ತಾಗಬೇಕು ಎಂದು ಅಂದೇ ಸಾರಿದರು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಅವರು ಕಾಲವಾದರು.

ತಾಯ್ನುಡಿಯ ಶಾಲೆಯಲ್ಲಿ, ಬೆಸ್ತರ ಹುಡುಗನ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತವರು ಜಗತ್ತಿನ ವಿಜ್ಞಾನಿಗಳ ಸಾಲಿನಲ್ಲಿ ನಿಂತರು. ದೀಪದಿಂದ ದೀಪ ಹಚ್ಚಿದರೆ ಮೊದಲಿನ ದೀಪದ ಬೆಳಕು ಕುಂದುವುದಿಲ್ಲ. ನಾವೂ ಕಲಿತದ್ದನ್ನು ಬಚ್ಚಿಡದೆ ನೆರೆಯವನಿಗೆ ಕಲಿಸಿದರೆ, ಅದೇ ಆ ಆಚಾರ್ಯರಿಗೆ ನಾವು ಸಲ್ಲಿಸುವ ಗುರುದಕ್ಷಿಣೆ.