ಹೊಲದ ಓಟಗಾರನಿಗೆ ದಾರಿ ತೆರೆದ ಸರ್ ದೋರಾಬ್ಜಿ ಟಾಟಾ

ಬೋಧನಾಭ್ಯಾಸಕ್ಕೆಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಪ್ರೌಢಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ಹೆಚ್ಚುಕಡಿಮೆ ಪ್ರತಿ ಶಾಲೆಯಲ್ಲಿಯೂ ಚೆನ್ನಾಗಿ ಓಡುವ, ಚೆಂಡನ್ನು ಚೆನ್ನಾಗಿ ಆಡುವ ಒಬ್ಬಿಬ್ಬರು ಮಕ್ಕಳಿರುತ್ತಾರೆ. ಎಸ್.ಎಸ್.ಎಲ್.ಸಿ. ಮುಗಿಯುತ್ತಿದ್ದಂತೆ ಅವರಲ್ಲಿ ಬಹಳಷ್ಟು ಮಂದಿಯ ಆಟವೂ ಮುಗಿದುಹೋಗುತ್ತದೆ. ಮುಂದೆ ಯಾವ ಕಾಲೇಜು, ಯಾವ ಅರ್ಜಿ, ಯಾವ ಆಯ್ಕೆ ಎಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ. ಬಿತ್ತನೆ ಕಾಲದಲ್ಲಿ ಒಂದು ಆಳು ಕಡಿಮೆಯಾಗುತ್ತದೆಂಬ ಚಿಂತೆ ಮಾತ್ರ ಇರುತ್ತದೆ. ಇಂಥ ಮಕ್ಕಳನ್ನು ಕಂಡು, ಅಳೆದು, ಮುಂದಕ್ಕೆ ಕಳುಹಿಸುವ ಕೆಲಸವನ್ನು ನೂರು ವರ್ಷಗಳ ಹಿಂದೆ ಒಬ್ಬ ಉದ್ಯಮಿ ಕೈಗೆತ್ತಿಕೊಂಡರು. ಅವರಿಂದ ನೆರವು ಪಡೆದವರಲ್ಲಿ ನಮ್ಮ ಬೆಳಗಾವಿಯ ಓಟಗಾರನೊಬ್ಬನೂ ಇದ್ದನೆಂಬುದು ನಮಗೆ ವಿಶೇಷ ಸಂಗತಿ. ಆ ಉದ್ಯಮಿ ಸರ್ ದೋರಾಬ್ಜಿ ಟಾಟಾ.

ಬಾಲ್ಯ ಮತ್ತು ಶಿಕ್ಷಣ

ದೋರಾಬ್ಜಿ ಅವರು 1859ರ ಆಗಸ್ಟ್ 27ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಜಮ್ಶೆಟ್‌ಜಿ ಟಾಟಾ, ತಾಯಿ ಹೀರಾಬಾಯಿ. ಮುಂಬಯಿಯ ಪ್ರೊಪ್ರೈಟರಿ ಹೈಸ್ಕೂಲಿನಲ್ಲಿ ಓದಿದ ಮೇಲೆ 1875ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡು 1877ರಲ್ಲಿ ಕೇಂಬ್ರಿಜ್‌ನ ಗಾನ್‌ವಿಲ್ ಆ್ಯಂಡ್ ಕೀಸ್ ಕಾಲೇಜನ್ನು ಸೇರಿದರು. ಎರಡು ವರ್ಷಗಳ ನಂತರ ಹಿಂತಿರುಗಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಿಂದ 1882ರಲ್ಲಿ ಪದವಿ ಪಡೆದರು.

ಕೇಂಬ್ರಿಜ್‌ನಲ್ಲಿ ಕಳೆದ ಎರಡು ವರ್ಷಗಳು ಅವರ ಮನಸ್ಸಿನಲ್ಲಿ ಬೇರೂರಿದವು. ಅಲ್ಲಿ ಅವರು ಕ್ರಿಕೆಟ್ ಮತ್ತು ಫುಟ್‌ಬಾಲ್ ಆಡಿದರು, ಟೆನಿಸ್ ಕಲಿತರು, ಕುದುರೆ ಸವಾರಿಯಲ್ಲಿ ಪಳಗಿದರು. ಆ ಕಾಲೇಜುಗಳಲ್ಲಿ ಆಟವು ಬಿಡುವಿನ ವೇಳೆಯ ಮನರಂಜನೆಯಾಗಿರಲಿಲ್ಲ. ಕಾಲೇಜು ಕಾಲೇಜುಗಳ ನಡುವೆ ಪಂದ್ಯ, ವಿಶ್ವವಿದ್ಯಾಲಯಗಳ ನಡುವೆ ಪಂದ್ಯ, ಅದಕ್ಕೊಂದು ವೇಳಾಪಟ್ಟಿ, ಆಯ್ಕೆ, ದಾಖಲೆ ಎಲ್ಲವೂ ಇದ್ದವು. ಇಂದು ನಮ್ಮ ಕಾಲೇಜುಗಳಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಆಟಗಾರನನ್ನು ಯೂನಿವರ್ಸಿಟಿ ಬ್ಲೂ ಎಂದು ಕರೆಯುವ ರೂಢಿಯೂ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದಲೇ ಬಂದದ್ದು. ಆಟ ಬಲ್ಲ ಹುಡುಗ ಹೈಸ್ಕೂಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಇನ್ನೂ ಮೇಲಕ್ಕೆ ಏರಲು ಒಂದು ಮೆಟ್ಟಿಲಸಾಲು ಬೇಕೆಂಬುದನ್ನು ದೋರಾಬ್ಜಿ ಅಲ್ಲಿ ಕಣ್ಣಾರೆ ಕಂಡರು. ಭಾರತದಲ್ಲಿ ಆ ಮೆಟ್ಟಿಲುಗಳಿರಲಿಲ್ಲ.

ಮುಂಬಯಿಯ ಹೈಸ್ಕೂಲುಗಳಲ್ಲಿ

ಪದವಿಯ ನಂತರ ಅವರು ಎರಡು ವರ್ಷ ಪತ್ರಕರ್ತರಾಗಿ ದುಡಿದು, 1884ರಲ್ಲಿ ತಂದೆಯ ವ್ಯವಹಾರ ಸೇರಿದರು. ವ್ಯಾಪಾರದ ಜೊತೆಯಲ್ಲಿಯೇ ಮುಂಬಯಿಯ ಶಾಲೆಗಳನ್ನು ಕೂಡಿಸಿ ಹೈಸ್ಕೂಲುಗಳ ಕ್ರೀಡಾ ಸಂಘವೊಂದನ್ನು ಕಟ್ಟಲು ನೆರವಾದರು. ಅದರ ಕಾರ್ಯದರ್ಶಿಯಾಗಿ ತಾವೇ ಕೆಲಸ ಮಾಡಿದರು. ಸಂಘವು ಮೊದಲು ಶಾಲೆಗಳ ನಡುವೆ ಕ್ರಿಕೆಟ್ ಪಂದ್ಯಗಳನ್ನು ನಡೆಸಿತು. ಆಮೇಲೆ ಓಟ, ಜಿಗಿತ ಮೊದಲಾದ ಸ್ಪರ್ಧೆಗಳ ಕ್ರೀಡಾಕೂಟಗಳೂ ಆರಂಭವಾದವು.

ಶಿಕ್ಷಕರಾಗುವವರು ಈ ಕ್ರಮವನ್ನು ಗಮನಿಸಬೇಕು. ದೋರಾಬ್ಜಿ ಒಬ್ಬ ಜಾಣ ಆಟಗಾರನನ್ನು ಹುಡುಕಿ ಬಹುಮಾನ ಕೊಟ್ಟು ಸುಮ್ಮನಾಗಲಿಲ್ಲ. ಮೊದಲು ಶಾಲೆಗಳನ್ನು ಒಂದು ಕೂಟದಲ್ಲಿ ಸೇರಿಸಿದರು. ಒಂದು ಶಾಲೆಯ ಹುಡುಗ ಇನ್ನೊಂದು ಶಾಲೆಯ ಹುಡುಗನೊಂದಿಗೆ ಸ್ಪರ್ಧಿಸಿದಾಗಲೇ ಅವನ ನಿಜವಾದ ಅಳತೆ ತಿಳಿಯುತ್ತದೆ. ತನ್ನ ಊರಿನಲ್ಲಿ ಮೊದಲಿಗನಾದವನು ತಾಲೂಕಿನಲ್ಲಿ ಎಷ್ಟನೆಯವನು ಎಂಬುದು ಅವನಿಗೂ ಗೊತ್ತಿರುವುದಿಲ್ಲ, ಅವನ ಮಾಸ್ತರರಿಗೂ ಗೊತ್ತಿರುವುದಿಲ್ಲ.

ಕರ್ನಾಟಕದ ನಂಟು

ದೋರಾಬ್ಜಿ ಅವರಿಗೆ ಕನ್ನಡ ನಾಡಿನೊಡನೆ ಎರಡು ನಂಟುಗಳಿದ್ದವು. ಅವರ ಪತ್ನಿ ಮೆಹರ್‌ಬಾಯಿ ಅವರ ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ವಿಜ್ಞಾನಿ ಹೋಮಿ ಭಾಭಾ ಅವರ ಅಜ್ಜ. ಮೆಹರ್‌ಬಾಯಿ ಅವರೂ ಒಳ್ಳೆಯ ಟೆನಿಸ್ ಆಟಗಾರ್ತಿ. ಸೀರೆಯುಟ್ಟೇ ಅಂಕಣಕ್ಕೆ ಇಳಿಯುತ್ತಿದ್ದರು. ಹೆಣ್ಣುಮಕ್ಕಳು ಬಯಲಿನಲ್ಲಿ ಆಡುವುದನ್ನೇ ಒಪ್ಪದ ಕಾಲ ಅದು.

ಎರಡನೆಯ ನಂಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅದು ಜಮ್ಶೆಟ್‌ಜಿ ಅವರ ಕನಸು. ಆದರೆ ಅದು ಕೈಗೂಡುವ ಮೊದಲೇ, 1904ರಲ್ಲಿ ಅವರು ತೀರಿಕೊಂಡರು. ತಂದೆ ಬಿಟ್ಟುಹೋದ ಕೆಲಸಗಳೆಲ್ಲ ದೋರಾಬ್ಜಿ ಅವರ ಹೆಗಲೇರಿದವು. ಮೈಸೂರು ಸಂಸ್ಥಾನ ನೀಡಿದ 371 ಎಕರೆ ಜಮೀನಿನಲ್ಲಿ ವಿಜ್ಞಾನ ಸಂಸ್ಥೆ ತಲೆಯೆತ್ತಿತು. ಅದರ ಸ್ಥಾಪನೆಯ ವರ್ಷ 1909. 1907ರಲ್ಲಿ ಟಾಟಾ ಉಕ್ಕಿನ ಕಂಪನಿ ಸ್ಥಾಪನೆಯಾಯಿತು. 1912ರಲ್ಲಿ ಅಲ್ಲಿಂದ ಉಕ್ಕು ಹೊರಬಂತು. 1910ರಲ್ಲಿ ಅವರಿಗೆ ಸರ್ ಪದವಿ ಸಂದಿತು.

ಪುಣೆಯ ಮೈದಾನ, 1919

ಇಷ್ಟೆಲ್ಲ ಹೊಣೆಗಳ ನಡುವೆ ದೋರಾಬ್ಜಿ ಅವರು ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾದರು. ಜಿಮಖಾನಾದ ಕ್ರೀಡಾಕೂಟಗಳಿಗೆ ಬರುತ್ತಿದ್ದ ಓಟಗಾರರನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಅವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಪೌಷ್ಟಿಕ ಆಹಾರವಿಲ್ಲ, ತರಬೇತಿಯಿಲ್ಲ, ಕಾಲಿಗೆ ಬೂಟೂ ಇಲ್ಲ. ಯುರೋಪಿನ ಸ್ಪರ್ಧಾ ನಿಯಮಗಳ ಪರಿಚಯವಂತೂ ಇರಲೇ ಇಲ್ಲ. ಆದರೂ ಗಟ್ಟಿ ರಸ್ತೆಯ ಮೇಲೆ ಬರಿಗಾಲಿನಲ್ಲಿ ಸುಮಾರು 25 ಮೈಲಿ ಓಡುತ್ತಿದ್ದರು.

ದೋರಾಬ್ಜಿ ಅವರ ಕೈಯಲ್ಲಿ ಗಡಿಯಾರವಿತ್ತು. ಅವರು ಮಾಡಿದ ಮುಖ್ಯ ಕೆಲಸ ಎಲ್ಲರಿಗಿಂತ ಸರಳವಾದದ್ದು: ಓಟದ ಸಮಯವನ್ನು ಗುರುತು ಹಾಕಿಕೊಂಡು ಹೊರದೇಶಗಳ ಓಟಗಾರರ ಸಮಯದೊಂದಿಗೆ ಹೋಲಿಸಿ ನೋಡಿದರು. 1919ರ ಕೂಟದಲ್ಲಿ ಕೆಲವರ ಸಮಯ ಒಲಿಂಪಿಕ್ ಓಟಗಾರರ ಸಮಯಕ್ಕೆ ಸಮೀಪವಿತ್ತು. ಮುಂಬಯಿ ಪ್ರಾಂತ್ಯದ ಗವರ್ನರ್ ಜಾರ್ಜ್ ಲಾಯ್ಡ್ ಅವರನ್ನು ಮೈದಾನಕ್ಕೆ ಕರೆಸಿ ಈ ಓಟವನ್ನು ತೋರಿಸಿದರು. ಮರುವರ್ಷ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ನಡೆಯಲಿದ್ದ ಒಲಿಂಪಿಕ್ ಕೂಟಕ್ಕೆ ಮೂವರು ಓಟಗಾರರನ್ನು ತಮ್ಮ ಖರ್ಚಿನಲ್ಲಿ ಕಳುಹಿಸಲು ಮುಂದಾದರು. ಸುದ್ದಿ ಹರಡಿದಂತೆ ಇಡೀ ತಂಡವನ್ನೇ ಕಳುಹಿಸಬೇಕೆಂಬ ಉತ್ಸಾಹ ಪುಣೆಯಲ್ಲಿ ಹುಟ್ಟಿತು. ಗವರ್ನರರ ನೆರವಿನಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ದೊರೆಯಿತು. ಆಯ್ಕೆಯ ಸ್ಪರ್ಧೆಗಳು ನಡೆದವು. ಸರ್ಕಾರದಿಂದ, ಸಾರ್ವಜನಿಕರಿಂದ, ದೋರಾಬ್ಜಿ ಅವರ ಕೈಯಿಂದ ಹಣ ಒದಗಿತು.

ಬೆಳಗಾವಿಯ ಓಟಗಾರ

ಹೀಗೆ ಆಯ್ಕೆಯಾದ ಆರು ಮಂದಿಯಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಅವರು ಹುಟ್ಟಿದ್ದು 1902ರಲ್ಲಿ. ಹಡಗು ಹತ್ತುವಾಗ ವಯಸ್ಸು ಸುಮಾರು 18. ಇಂದಾದರೆ ಪಿಯುಸಿ ಮುಗಿಸಿ ಕಾಲೇಜಿಗೆ ಅರ್ಜಿ ಹಾಕುವ ವಯಸ್ಸು. ಜೊತೆಯಲ್ಲಿ ಓಟಗಾರರಾದ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ, ಕೈಕಿಣಿ ಹಾಗೂ ಕುಸ್ತಿಪಟುಗಳಾದ ಕುಮಾರ ನವಲೆ, ರಣಧೀರ ಶಿಂದೆ ಇದ್ದರು. ತಂಡವು ಮೊದಲು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಅಲ್ಲಿಂದ ಆಂಟ್ವರ್ಪ್‌ಗೆ ಹೋಯಿತು.

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಆ ವರ್ಷದ ದೂರ 42.75 ಕಿ.ಮೀ.; ಇಂದಿನ 42.195 ಕಿ.ಮೀ.ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡಿನಲ್ಲಿ ಮೊದಲಿಗರಾದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾದರು. ಓಟ ಆರಂಭಿಸಿದ ಹಲವರು ಕೊನೆ ಮುಟ್ಟಲೇ ಇಲ್ಲ. ದಾತಾರ ಅವರೂ ಅರ್ಧದಲ್ಲಿ ನಿಲ್ಲಬೇಕಾಯಿತು. ಕುಸ್ತಿಯಲ್ಲಿ ಶಿಂದೆ ನಾಲ್ಕನೆಯ ಸ್ಥಾನಕ್ಕೆ ಬಂದು ಪದಕದ ಬಾಗಿಲಿನಲ್ಲಿ ನಿಂತರು. ತಂಡ ಪದಕವಿಲ್ಲದೆ ಹಿಂತಿರುಗಿತು. ಆದರೆ ಬೆಳಗಾವಿಯ ಹುಡುಗನೊಬ್ಬ ಜಗತ್ತಿನ ಓಟಗಾರರ ನಡುವೆ ತನ್ನ ಅಳತೆಯನ್ನು ಕಂಡುಕೊಂಡಿದ್ದ.

ಆ ಕಾಲದಲ್ಲಿ ಬೈಲಹೊಂಗಲ ಸಂಪಗಾವ ತಾಲೂಕಿನ ಮುಖ್ಯಸ್ಥಳ, ಕಿತ್ತೂರು ಅದೇ ತಾಲೂಕಿನೊಳಗಿನ ಊರು. ಸವದತ್ತಿ ಪರಸಗಡ ತಾಲೂಕಿನ ಮುಖ್ಯಸ್ಥಳ. ರಾಮದುರ್ಗ ಬೇರೆಯೇ ಒಂದು ಸಂಸ್ಥಾನ. ಮಲಪ್ರಭೆಯ ದಂಡೆಯ ಎರೆಹೊಲಗಳಲ್ಲಿ ಎತ್ತಿನ ಹಿಂದೆ ಓಡುತ್ತಿದ್ದ ಹುಡುಗರಲ್ಲಿ ಎಷ್ಟು ಚೌಗುಲೆಯವರಿದ್ದರೋ ಯಾರೂ ಲೆಕ್ಕವಿಟ್ಟಿಲ್ಲ. ಅವರ ಓಟವನ್ನು ಅಳೆಯಲು ಯಾರೂ ಗಡಿಯಾರ ಹಿಡಿದು ನಿಂತಿರಲಿಲ್ಲ.

ಸಂಸ್ಥೆ ಕಟ್ಟಿದ್ದು

1920ರಲ್ಲಿ ದೋರಾಬ್ಜಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಒಂದು ಊರಿನ ಜಿಮಖಾನಾದ ಕೂಟದಿಂದ ದೇಶದ ತಂಡವನ್ನು ಆರಿಸುವುದು ಸರಿಯಲ್ಲವೆಂಬುದು ಅನುಭವದಿಂದ ತಿಳಿದಿತ್ತು. ಪ್ರತಿ ಪ್ರಾಂತ್ಯದಲ್ಲಿಯೂ ಒಂದು ಸಂಘ ಬೇಕು, ಅಲ್ಲಿ ಗೆದ್ದವರು ದೇಶದ ಮಟ್ಟಕ್ಕೆ ಬರಬೇಕು. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ವೈ.ಎಂ.ಸಿ.ಎ.ಯ ದೈಹಿಕ ಶಿಕ್ಷಣ ತಜ್ಞರಾದ ನೋರೆನ್ ಮತ್ತು ಹ್ಯಾರಿ ಬಕ್. ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ ಕಾಲೇಜನ್ನು ಆರಂಭಿಸಿದವರು. ಓಟಗಾರರು ಬೇಕಾದರೆ ಮೊದಲು ತರಬೇತಾದ ಶಿಕ್ಷಕರು ಬೇಕೆಂಬ ತಿಳಿವಳಿಕೆ ಅವರದು.

1924ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕ್ರೀಡಾಕೂಟ ನಡೆದು, ಅಲ್ಲಿ ಗೆದ್ದವರಿಂದ ಪ್ಯಾರಿಸ್ ಒಲಿಂಪಿಕ್ ತಂಡವನ್ನು ಆರಿಸಲಾಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು. ದೋರಾಬ್ಜಿ ಅದರ ಮೊದಲ ಅಧ್ಯಕ್ಷರು. ಮರುವರ್ಷವೇ ಆ ಸ್ಥಾನ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರಿಗೆ ಹೋಯಿತು. 1928ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದಾಗ, ತಂಡವನ್ನು ಆರಿಸಿ ಕಳುಹಿಸುವ ವ್ಯವಸ್ಥೆಯೊಂದು ದೇಶದಲ್ಲಿ ನೆಲೆಗೊಂಡಿತ್ತು.

ಕೊನೆಯ ವರ್ಷಗಳು

ಆ ವರ್ಷಗಳು ದೋರಾಬ್ಜಿ ಅವರಿಗೆ ಸುಲಭವಾಗಿರಲಿಲ್ಲ. 1924ರಲ್ಲಿ ಉಕ್ಕಿನ ಕಂಪನಿ ಮುಳುಗುವ ಸ್ಥಿತಿಗೆ ಬಂತು. ಕಾರ್ಮಿಕರ ಸಂಬಳಕ್ಕೂ ಹಣವಿರಲಿಲ್ಲ. ಅವರು ತಮ್ಮ ಸ್ವಂತ ಆಸ್ತಿಯನ್ನೂ ಪತ್ನಿಯ ಆಭರಣಗಳನ್ನೂ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಆ ಆಭರಣಗಳಲ್ಲಿ 245 ಕ್ಯಾರಟ್‌ನ ಜುಬಿಲಿ ವಜ್ರವೂ ಇತ್ತು. ಕಂಪನಿ ಉಳಿಯಿತು. 1931ರಲ್ಲಿ ಮೆಹರ್‌ಬಾಯಿ ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಅವರ ಸಮಾಧಿಯಾಯಿತು. ಮಕ್ಕಳಿರಲಿಲ್ಲ. 1932ರಲ್ಲಿ ದೋರಾಬ್ಜಿ ತಮ್ಮ ಸಂಪತ್ತನ್ನೆಲ್ಲ ಒಂದು ದತ್ತಿಗೆ ಬರೆದುಕೊಟ್ಟು, ಪತ್ನಿಯ ಸಮಾಧಿ ನೋಡಲೆಂದು ಹೊರಟರು. ದಾರಿಯಲ್ಲಿ ಜರ್ಮನಿಯ ಬಾಡ್ ಕಿಸಿಂಗೆನ್‌ನಲ್ಲಿ ಜೂನ್ 3ರಂದು ಕೊನೆಯುಸಿರೆಳೆದರು. ಪತ್ನಿಯ ಪಕ್ಕದಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು. ಅವರ ದತ್ತಿಯ ಹಣದಿಂದ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಟಾಟಾ ಸ್ಮಾರಕ ಆಸ್ಪತ್ರೆಗಳು ತಲೆಯೆತ್ತಿದವು.

ನಮ್ಮ ಶಾಲೆಗೆ ಈ ಜೀವನ

ಈ ಚರಿತ್ರೆಯನ್ನು 8 ಅಥವಾ 9ನೆಯ ತರಗತಿಯಲ್ಲಿ ಒಂದು ಅವಧಿಯ ಪಾಠವಾಗಿ ತೆಗೆದುಕೊಳ್ಳಬಹುದು. ಗಣಿತದ ಪ್ರಶಿಕ್ಷಣಾರ್ಥಿಗಳು ಚೌಗುಲೆಯವರ ಸರಾಸರಿ ವೇಗವನ್ನು ಮಕ್ಕಳಿಂದ ಲೆಕ್ಕ ಮಾಡಿಸಲಿ. ಕಿಲೋಮೀಟರಿಗೆ 4 ನಿಮಿಷಕ್ಕಿಂತ ಒಂದು ಕೂದಲೆಳೆ ಕಡಿಮೆ ಬರುತ್ತದೆ. ಅದೇ ದಿನ ಸಂಜೆ ಮೈದಾನದಲ್ಲಿ ಮಕ್ಕಳನ್ನು ಒಂದು ಕಿಲೋಮೀಟರು ಓಡಿಸಿ ಸಮಯ ಬರೆದುಕೊಳ್ಳಲಿ. ಆ ವೇಗವನ್ನು 42 ಬಾರಿ ಉಳಿಸಿಕೊಳ್ಳುವುದೆಂದರೇನು ಎಂಬುದು ಮಕ್ಕಳಿಗೆ ಉಸಿರಿನಿಂದಲೇ ತಿಳಿಯುತ್ತದೆ. ಸಮಾಜ ವಿಜ್ಞಾನದವರು ಬೆಳಗಾವಿಯಿಂದ ಪುಣೆ, ಮುಂಬಯಿ, ಇಂಗ್ಲೆಂಡ್, ಆಂಟ್ವರ್ಪ್‌ವರೆಗಿನ ದಾರಿಯನ್ನು ನಕ್ಷೆಯಲ್ಲಿ ಬರೆಸಬಹುದು.

ಪಾಠಕ್ಕಿಂತ ದೊಡ್ಡ ಕೆಲಸ ಪಾಠದ ನಂತರ ಇದೆ. ದೋರಾಬ್ಜಿ ಅವರ ಕಾಲದಲ್ಲಿ ಇಲ್ಲದ ಮೆಟ್ಟಿಲುಗಳು ಇಂದು ಇವೆ. ಶಾಲಾ ಕ್ರೀಡಾಕೂಟಗಳು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯಮಟ್ಟದವರೆಗೆ ಏರುತ್ತವೆ. ಫುಟ್‌ಬಾಲ್ ಆಡುವ ಶಾಲೆಗಳಿಗೆ ಸುಬ್ರತೋ ಕಪ್ ಇದೆ. ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ವಸತಿ ಶಾಲೆಯಿದೆ; ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ; ರಾಜ್ಯದ ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ. ಕಾಲೇಜು ಸೇರಿದ ಮೇಲೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಕೂಟ.

ಆದರೆ ಮೆಟ್ಟಿಲು ಇದ್ದ ಮಾತ್ರಕ್ಕೆ ಮಗು ಏರುವುದಿಲ್ಲ. ಶಾಲೆಯ ದಾಖಲೆಯಲ್ಲಿಯೂ ಆಧಾರ್‌ನಲ್ಲಿಯೂ ಹುಟ್ಟಿದ ದಿನಾಂಕ ಬೇರೆ ಬೇರೆ ಇದ್ದರೆ ವಯೋಮಿತಿಯ ಸ್ಪರ್ಧೆಯಲ್ಲಿ ತೊಡಕಾಗುತ್ತದೆ. ಗೆದ್ದ ಪ್ರಮಾಣಪತ್ರ ಮನೆಯ ಸೋರುವ ಮಾಡಿನ ಕೆಳಗೆ ನೆನೆದು ಹೋದರೆ ಕೋಟಾದ ಅರ್ಜಿಗೆ ಲಗತ್ತಿಸಲು ಏನೂ ಉಳಿಯುವುದಿಲ್ಲ. ಆಯ್ಕೆಯ ದಿನ ಬೆಳಗಾವಿಗೆ ಹೋಗುವ ಬಸ್ಸಿನ ಖರ್ಚಿಗೆ ಹಣವಿಲ್ಲದೆಯೂ ಅವಕಾಶ ತಪ್ಪುತ್ತದೆ. ಆದ್ದರಿಂದ ಪ್ರತಿ ಪ್ರಶಿಕ್ಷಣಾರ್ಥಿ ತನ್ನ ಬೋಧನಾಭ್ಯಾಸದ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಜೊತೆ ಕುಳಿತು ಒಂದು ವಹಿಯನ್ನು ಆರಂಭಿಸಬಹುದು: ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಿಂಗಳಿಗೊಮ್ಮೆ ಅಳೆದ ಓಟದ ಸಮಯ ಅಥವಾ ಆಡಿದ ಪಂದ್ಯಗಳು, ಪ್ರಮಾಣಪತ್ರದ ನಕಲು, ಮುಂದಿನ ಆಯ್ಕೆಯ ದಿನಾಂಕ. ಒಮ್ಮೆ ತಂದೆತಾಯಿಯ ಮನೆಗೆ ಹೋಗಿ, ಆಟದಿಂದ ಓದು ಹಾಳಾಗುವುದಿಲ್ಲ, ಬದಲಿಗೆ ಕಾಲೇಜಿನ ಬಾಗಿಲು ತೆರೆಯಬಹುದು ಎಂದು ತಿಳಿಹೇಳಬೇಕು. ಬೋಧನಾಭ್ಯಾಸದ ಅವಧಿ ಮುಗಿದಾಗ ಆ ವಹಿಯನ್ನು ಶಾಲೆಯಲ್ಲಿಯೇ ಬಿಟ್ಟು ಬರಬೇಕು. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿ ಅದನ್ನು ಮುಂದುವರಿಸಲಿ.

ದೋರಾಬ್ಜಿ ಅವರ ಬಳಿ ಇದ್ದ ಹಣ ನಮ್ಮ ಬಳಿ ಇಲ್ಲ. ಅವರು ಪುಣೆಯ ಮೈದಾನದ ಅಂಚಿನಲ್ಲಿ ನಿಂತು ಮೊದಲು ಬಳಸಿದ್ದು ಹಣವನ್ನಲ್ಲ, ಗಡಿಯಾರವನ್ನು. ಅದು ಇಂದು ಪ್ರತಿಯೊಬ್ಬ ಶಿಕ್ಷಕರ ಮೊಬೈಲಿನಲ್ಲಿಯೂ ಇದೆ.